ಅಲ್ಲಿ 19ರ ತಡೆ, ಇಲ್ಲಿ 25ರ ತಡೆ

ಮಾನ್ಯ ಸಂಪಾದಕರೇ,

ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡುವ ಹುಡುಗ ಯಾವ ವಯಸ್ಸಿಗೆ ವೃತ್ತಿಪರ ಆಟಗಾರ ಆಗಬಹುದು ಅನ್ನೋದು ಅಮೆರಿಕದಲ್ಲಿ ಐವತ್ತು ವರ್ಷ ದಾಟಿದ ಜಗಳ. ಕಲಬುರಗಿಗೂ ಅದಕ್ಕೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಸಂಬಂಧ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಹಿಂದೆ ಅಲ್ಲಿ ಹೈಸ್ಕೂಲು ಮುಗಿದು ನಾಲ್ಕು ವರ್ಷ ಆಗದೆ ದೊಡ್ಡ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಗೆ ಕಾಲಿಡುವ ಹಾಗಿರಲಿಲ್ಲ. ಸ್ಪೆನ್ಸರ್ ಹೇವುಡ್ ಎಂಬ ಆಟಗಾರ ಇದನ್ನು ಒಪ್ಪದೆ ಕೋರ್ಟಿಗೆ ಹೋದ. ಮಿಸಿಸಿಪ್ಪಿಯ ಬಡ ಕುಟುಂಬ, ಮನೆ ತುಂಬ ಮಕ್ಕಳು, ತಾಯಿ ಹತ್ತಿ ಬಿಡಿಸಿ ಸಾಕಿದವಳು. 1971ರಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಆಡಲು ಬಿಡಿ ಎಂದಿತು. ಶಹಾಪುರ, ಸುರಪುರದ ಕಡೆ ಹತ್ತಿ ಬಿಡಿಸಲು ಹೋಗುವ ಮನೆಗಳಿಂದ ಬಂದ ಮಕ್ಕಳಿಗೆ ಆಟ ಕಲಿಸುವ ನನಗೆ ಈ ಕಥೆ ದೂರದ್ದು ಅನ್ನಿಸುವುದಿಲ್ಲ.

ಆಮೇಲೆ ದಾರಿ ತೆರೆಯಿತು. ಕೆವಿನ್ ಗಾರ್ನೆಟ್ 1995ರಲ್ಲಿ, ಕೋಬಿ ಬ್ರಯಂಟ್ 1996ರಲ್ಲಿ, ಲೆಬ್ರಾನ್ ಜೇಮ್ಸ್ 2003ರಲ್ಲಿ ಹೈಸ್ಕೂಲಿನಿಂದಲೇ ನೇರವಾಗಿ ಬಂದರು. ಆದರೆ 2005ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಕೂತು ಮತ್ತೆ ತಡೆ ಹಾಕಿದವು. ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು, ನಡೆಯುವ ವರ್ಷ 19 ತುಂಬಬೇಕು, ಅಮೆರಿಕದ ಹುಡುಗನಾದರೆ ಜೊತೆಯವರು ಹೈಸ್ಕೂಲು ಮುಗಿಸಿ ಒಂದು ವರ್ಷವಾದರೂ ಆಗಿರಬೇಕು. ಎಳೆ ಹುಡುಗರು ಹಾಳಾಗಬಾರದು ಅನ್ನೋದು ಕೊಡುವ ಕಾರಣ. ಹಾಳಾದ ಉದಾಹರಣೆ ಅಂತ ಎಲ್ಲರೂ ಎತ್ತುವ ಹೆಸರು ಕ್ವಾಮಿ ಬ್ರೌನ್, 2001ರಲ್ಲಿ ಹೈಸ್ಕೂಲಿನಿಂದ ಬಂದು ಮೊದಲನೆಯವನಾಗಿ ಆಯ್ಕೆಯಾದವನು. ಅವನೂ ಎನ್‌ಬಿಎಯಲ್ಲಿ 12 ಸೀಸನ್ ಆಡಿದ! ಈ ನಿಯಮದಿಂದ ನಿಜವಾದ ಲಾಭ ತಂಡಗಳಿಗೆ, ಹುಡುಗನನ್ನು ಇನ್ನೊಂದು ವರ್ಷ ಪುಕ್ಕಟೆ ನೋಡಿ ತೂಗಬಹುದು. ಲಾಭ ಕಾಲೇಜುಗಳಿಗೂ ಇದೆ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಮಾಡಬಹುದು, 2025ರಿಂದ ಕಾಲೇಜೇ ನೇರವಾಗಿ ದುಡ್ಡು ಕೊಡಬಹುದು, ಹಾಗಾಗಿ ಕಷ್ಟ ಸ್ವಲ್ಪ ಕಡಿಮೆಯಾಗಿದೆ. ಆದರೂ ಮತ ಹಾಕುವ ವಯಸ್ಸಿನ ಹುಡುಗನಿಗೆ ನಿನ್ನ ಕೆಲಸ ನೀನು ಆರಿಸಿಕೊಳ್ಳಬೇಡ ಅನ್ನೋದು ಸರಿಯಲ್ಲ.

ಅಲ್ಲಿ ನನಗೆ ಇಷ್ಟವಾಗುವ ನಿಯಮವೂ ಒಂದಿದೆ. ಕಾಲೇಜು ಕ್ರೀಡೆ ನಡೆಸುವ ಸಂಸ್ಥೆಯಾದ ಎನ್‌ಸಿಎಎಯ ಮೊದಲ ದರ್ಜೆಯ ಕಾಲೇಜುಗಳಲ್ಲಿ ಬಹುಕಾಲ ಮುಖ್ಯ ಲೆಕ್ಕ ವಯಸ್ಸಿನದಾಗಿರಲಿಲ್ಲ. ಪೂರ್ಣಾವಧಿ ವಿದ್ಯಾರ್ಥಿಯಾಗಿ ಸೇರಿದ ದಿನದಿಂದ ಐದು ವರ್ಷ, ಅದರೊಳಗೆ ನಾಲ್ಕು ಸೀಸನ್ ಆಡಬಹುದು ಅನ್ನೋದು ಅಲ್ಲಿನ ಬಹುಕಾಲದ ನಿಯಮ.

ಈಗ ನಮ್ಮ ಕಡೆ ಬನ್ನಿ. ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ವಯಸ್ಸಿನ ಮಿತಿ 25. ರೈಲ್ವೆಯ ಕ್ರೀಡಾ ಕೋಟಾದ ನೌಕರಿಗೆ 18ರಿಂದ 25, ಅದರಲ್ಲಿ ಯಾವ ಸಡಿಲಿಕೆಯೂ ಇಲ್ಲ. ನಮ್ಮಲ್ಲಿ ಬಾಸ್ಕೆಟ್‌ಬಾಲ್ ಆಡಿ ಬದುಕು ಕಟ್ಟಿಕೊಳ್ಳುವುದು ಅಂದರೆ ಬಹುತೇಕ ಇಂಥ ನೌಕರಿಯೇ, ಅಲ್ವಾ? ಬೆಂಗಳೂರಿನಲ್ಲಿ ಎಂಟನೇ ವಯಸ್ಸಿಗೆ ಕೋಚಿಂಗ್ ಸೇರಿದವನಿಗೆ 25 ಅಂದರೆ ಬೇಕಾದಷ್ಟಾಯಿತು. ನಮ್ಮ ಹುಡುಗರ ಕಥೆ ಬೇರೆ. ಪಿಯುಸಿಯಲ್ಲಿ ಒಂದು ವಿಷಯ ಹೋಗುತ್ತದೆ, ಮನೆಯವರ ಜೊತೆ ಪುಣೆಗೋ ಹೈದರಾಬಾದಿಗೋ ಗುಳೆ ಹೋಗುತ್ತಾರೆ, ಎರಡು ಮೂರು ವರ್ಷ ಗಾರೆ ಕೆಲಸ ಮಾಡಿ ಬಂದು ಡಿಗ್ರಿ ಸೇರುತ್ತಾರೆ. ಎತ್ತರ ಇದೆ, ಕಸುವಿದೆ, ಆದರೆ ನಿಜವಾದ ಬಾಸ್ಕೆಟ್‌ಬಾಲ್ ಅಂಕಣಕ್ಕೆ ಕಾಲಿಡುವುದೇ ಆಗ. ಆಟ ಕೈಗೆ ಹತ್ತುವಷ್ಟರಲ್ಲಿ ವಯಸ್ಸು ಮುಗಿದಿರುತ್ತದೆ.

ಆ ವಯಸ್ಸಾದರೂ ಯಾವುದು? ಹಳ್ಳಿ ಶಾಲೆಗೆ ಸೇರಿಸುವಾಗ ಹುಟ್ಟಿದ ತಾರೀಖು ಗೊತ್ತಿಲ್ಲದಿದ್ದರೆ ಮೇಷ್ಟ್ರು ಜೂನ್ 1 ಅಂತ ಬರೆದುಬಿಡುತ್ತಾರೆ. ನಮ್ಮ ಭಾಗದ ಎಷ್ಟೋ ಅಂಕಪಟ್ಟಿಗಳಲ್ಲಿ ಅದೇ ತಾರೀಖು. ಅಂದಾಜಿನ ಮೇಲೆ ಬರೆದ ಆ ಒಂದು ಸಾಲು ಹುಡುಗನ ನೌಕರಿಯನ್ನು ತೀರ್ಮಾನ ಮಾಡುತ್ತದೆ. ಹುಡುಗಿಯರ ವಿಷಯ ಇನ್ನೂ ಕಷ್ಟ. ಮದುವೆಯಾಗಿ, ಹೆರಿಗೆಯಾಗಿ ಮತ್ತೆ ಓದಲು ಬಂದವಳಿಗೆ 25 ಅನ್ನೋದು ಆಗಲೇ ದಾಟಿರುತ್ತದೆ.

ವಯಸ್ಸಿನ ಮಿತಿ ತೆಗೆದರೆ ಮೂವತ್ತರವರು ಬಂದು ಎಳೆಯರ ಜಾಗ ಕಸಿಯುತ್ತಾರೆ ಅಂತ ಸಹೋದ್ಯೋಗಿಗಳು ಹೇಳುತ್ತಾರೆ. ಕಾಲೇಜು ಸೇರಿದ ದಿನದಿಂದ ಐದೇ ವರ್ಷ ಅಂತ ಕಟ್ಟಿದರೆ ಯಾರೂ ಸುಮ್ನೆ ವರ್ಷಗಟ್ಟಲೆ ಹೆಸರು ಹಚ್ಚಿಕೊಂಡು ಕೂರಲು ಆಗುವುದಿಲ್ಲ. ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನ ಕೊಡುವಾಗ ಕಲ್ಯಾಣ ಕರ್ನಾಟಕ ಹಿಂದೆ ಉಳಿದಿದೆ ಅಂತ ದೇಶವೇ ಒಪ್ಪಿದೆ. ಓದಿಗೆ, ನೌಕರಿಗೆ ಒಪ್ಪಿದ ಮಾತನ್ನು ಆಟಕ್ಕೂ ಒಪ್ಪಬೇಕು.

ಗುಲಬರ್ಗಾ ವಿಶ್ವವಿದ್ಯಾಲಯ ಮತ್ತು ಈ ಭಾಗದ ಉಳಿದ ವಿಶ್ವವಿದ್ಯಾಲಯಗಳು ಸೇರಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯ ನಿಯಮ ಮಾಡುವ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ ಮುಂದೆ, 25ರ ಮಿತಿ ಬಿಟ್ಟು ಕಾಲೇಜು ಸೇರಿದ ದಿನದಿಂದ ಐದು ವರ್ಷದ ಲೆಕ್ಕ ಹಿಡಿಯಿರಿ ಎಂಬ ಬೇಡಿಕೆ ಇಡಲಿ. ಕಲಬುರಗಿ, ಬೀದರ್, ಯಾದಗಿರಿಯ ಜನಪ್ರತಿನಿಧಿಗಳು ಕ್ರೀಡಾ ಕೋಟಾದ ವಯಸ್ಸಿನ ಬಗ್ಗೆ ರೈಲ್ವೆ ಸಚಿವಾಲಯಕ್ಕೆ ಬರೆಯಲಿ. ಈ ಎರಡಕ್ಕೂ ಹೊಸ ಅನುದಾನ ಬೇಕಾಗಿಲ್ಲ.

– ಕಾಲೇಜೊಂದರ ದೈಹಿಕ ಶಿಕ್ಷಣ ಬೋಧಕ, ಕಲಬುರಗಿ