ಪ್ರಾಜೆಕ್ಟ್‌ಗೆ ಎಮ್ಯುಲೇಟರ್ ಯಾಕೆ ಬೇಡ?

ಮಾನ್ಯ ಸಂಪಾದಕರೇ,

ಉಡುಪಿಯ ಕಲ್ಸಂಕದ ಹತ್ತಿರ ನನ್ನದೊಂದು ಟಿ.ವಿ. ರಿಪೇರಿ ಅಂಗಡಿ ಉಂಟು. ಮಗಳು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಹಳೆಯ ವಿಡಿಯೋ ಗೇಮ್ ಯಂತ್ರದ ಎಮ್ಯುಲೇಟರ್, ಅಂದರೆ ಆ ಯಂತ್ರದ ಹಾಗೆಯೇ ಕೆಲಸ ಮಾಡುವ ಪ್ರೋಗ್ರಾಮ್, ಬರೆಯುತ್ತೇನೆ ಎಂದು ಪ್ರಾಜೆಕ್ಟ್‌ಗೆ ಕೇಳಿದಳು. ಗೇಮ್ ಬೇಡ, ಅದೆಲ್ಲ ಪೈರಸಿ, ಬೇರೆ ಏನಾದರೂ ತನ್ನಿ ಅಂದರಂತೆ ಕಾಲೇಜಿನ ಮೇಷ್ಟ್ರು. ಕೊನೆಗೆ ಒಪ್ಪಿಗೆ ಸಿಕ್ಕಿದ್ದು ಹಾಜರಿ ಹಾಕುವ ಆ್ಯಪ್‌ಗೆ. ಅದೇ ಕ್ಲಾಸಿನಲ್ಲಿ ಇನ್ನೂ ಮೂರು ತಂಡ ಹಾಜರಿ ಆ್ಯಪನ್ನೇ ಮಾಡುತ್ತಿವೆ.

ಅವಳು ಎಮ್ಯುಲೇಟರ್ ಬಿಡಲಿಲ್ಲ. ರಾತ್ರಿ ಕೂತು ಬರೆದಳು. ಸರಿ ಉಂಟಾ ಎಂದು ನೋಡಿದವನು ನಾನು.

ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಯಂತ್ರ ಅದು. ನಮ್ಮಲ್ಲಿ ಮನೆಮನೆಗೆ ಬಂದದ್ದು ಅದರ ನಕಲುಗಳು. ಬೇಸಗೆ ರಜೆಯಲ್ಲಿ ಮಕ್ಕಳು ಕ್ಯಾಸೆಟ್‌ಗೆ ಉಫ್ ಅಂತ ಊದಿ ಊದಿ, ಕೊನೆಗೆ ನನ್ನ ಅಂಗಡಿಗೆ ತರುತ್ತಿದ್ದರು. ನಮ್ಮ ಕಡಲ ಗಾಳಿಗೆ, ಮಳೆಗಾಲದ ತೇವಕ್ಕೆ ಪಿನ್ನುಗಳು ಕಿಲುಬು ಹಿಡಿಯುತ್ತವೆ. ಅದನ್ನು ರಬ್ಬರ್ ಹಾಕಿ ಉಜ್ಜಬಹುದು. ಆದರೆ ಕಪ್ಪು ಬೊಟ್ಟಿನ ಕೆಳಗಿನ ಚಿಪ್ ಸತ್ತರೆ ಮುಗಿಯಿತು, ಬದಲು ಸಿಗುವುದಿಲ್ಲ. ಆ ಚಿಪ್ ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆದು ಮಾಡಿಸುವುದೇ ಎಮ್ಯುಲೇಟರ್. ಬೇರೆಯವರ ಗೇಮ್ ಕದ್ದು ಹಂಚುವುದು ತಪ್ಪು. ನಾನೂ ಒಪ್ಪುವುದಿಲ್ಲ. ಆದರೆ ಅದು ಬೇರೆ, ಇದು ಬೇರೆ ಅಲ್ವಾ?

ಮೊದಲ ಸಲ ಅವಳ ಎಮ್ಯುಲೇಟರ್‌ನಲ್ಲಿ ಆಟ ಓಡಿದಾಗ ಹಾಡು ಯಾಕೋ ಅವಸರದಲ್ಲಿತ್ತು. ಎಷ್ಟೋ ವರ್ಷ ಕೇಳಿದ ಕಿವಿ ನನ್ನದು. ಹುಡುಕಿದರೆ ಕಾರಣ ಸಿಕ್ಕಿತು. ಜಪಾನಿನ ಟಿ.ವಿ.ಗೆ ಸೆಕೆಂಡಿಗೆ 60 ಚಿತ್ರ, ನಮ್ಮ ಟಿ.ವಿ.ಗೆ 50. ಅವಳು 60ರ ಲೆಕ್ಕ ಹಿಡಿದಿದ್ದಳು.

ಗೇಮ್ ಕೂಡ ಬೇರೆಯವರದ್ದು ಬೇಡ ಎಂದು ಚಿತ್ರ ಬಿಡಿಸುವ ಒಂದು ಸಣ್ಣ ಸಾಫ್ಟ್‌ವೇರ್ ತಾನೇ ಮಾಡಿದಳು. ಚಿತ್ರದ ಒಂದೊಂದು ತುಂಡು ಎಂಟಕ್ಕೆ ಎಂಟು ಚೌಕ, ಅದಕ್ಕೆ ಮೂರೇ ಬಣ್ಣ. ಅದರಲ್ಲಿ ಬಡಗುತಿಟ್ಟು ಯಕ್ಷಗಾನದ ಮುಂಡಾಸು ಬಿಡಿಸಿದ್ದಾಳೆ: ಕೆಂಪು, ಕಪ್ಪು, ಜರಿಗೆ ಹಳದಿ. ನೋಡಿದ ಕೂಡಲೇ ಯಾವ ವೇಷ ಎಂದು ಗೊತ್ತಾಗುತ್ತದೆ. ಒಂದೊಂದು ವೇಷಕ್ಕೆ ಅಡ್ಡಕ್ಕೆ ಎರಡು ತುಂಡು ಬೇಕು. ಆ ಯಂತ್ರ ಒಂದು ಗೆರೆಯಲ್ಲಿ ಎಂಟು ತುಂಡಿಗಿಂತ ಜಾಸ್ತಿ ತೋರಿಸುವುದಿಲ್ಲ. ಹಾಗಾಗಿ ಒಡ್ಡೋಲಗದಲ್ಲಿ ನಾಲ್ಕು ವೇಷ ಸಾಲಾಗಿ ನಿಲ್ಲಬಹುದು, ಐದನೆಯದು ಮಾಯ! ಎಮ್ಯುಲೇಟರ್‌ನಲ್ಲೂ ಹಾಗೇ ಮಾಯವಾಗಬೇಕು. ಆಗಲೇ ಅದು ಸರಿ. ಅದನ್ನು ಸರಿ ಮಾಡಲು ಅವಳಿಗೆ ಹದಿನೈದು ರಾತ್ರಿ ಹಿಡಿಯಿತು. ಕಂಪ್ಯೂಟರ್ ಒಳಗೆ ಏನು ನಡೆಯುತ್ತದೆ ಎಂದು ಇದಕ್ಕಿಂತ ಚೆನ್ನಾಗಿ ಯಾವ ಲ್ಯಾಬ್ ಕಲಿಸುತ್ತದೆ?

ಇಂಥ ಕೆಲಸವನ್ನು ದೊಡ್ಡ ಕಂಪನಿಗಳೇ ಮಾಡಬೇಕು ಅಂತ ಇಲ್ಲ. ಕಾಸು ಹಾಕಿ ಆಡುವ ಆರ್ಕೇಡ್ ಯಂತ್ರಗಳ ಎಮ್ಯುಲೇಟರ್ 'ಮೇಮ್' ಅನ್ನು 1997ರಲ್ಲಿ ಶುರು ಮಾಡಿದವರು ಇಟಲಿಯ ನಿಕೋಲಾ ಸಾಲ್ಮೋರಿಯಾ. ಇವತ್ತು ಡಿ.ಟಿ.ಪಿ. ಅಂಗಡಿಯಲ್ಲೂ ಕಾಣುವ 'ಗಿಂಪ್' ಚಿತ್ರ ಸಾಫ್ಟ್‌ವೇರ್ ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಇಬ್ಬರು ಹುಡುಗರು 1995ರಲ್ಲಿ ಕೈಗೆತ್ತಿಕೊಂಡದ್ದು. ಅಷ್ಟು ದೂರ ಯಾಕೆ, ನಾನು ಈ ಪತ್ರ ಟೈಪ್ ಮಾಡಿದ್ದು ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ. ಅವರು 'ಸೇಡಿಯಾಪು' ಎಂಬ ಕನ್ನಡ ಸಾಫ್ಟ್‌ವೇರ್ ಮಾಡಿ ಎಲ್ಲರಿಗೂ ಪುಕ್ಕಟೆ ಕೊಟ್ಟವರು.

ಉಡುಪಿ, ಮಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರುಗಳಲ್ಲಿ ನನ್ನದೊಂದೇ ಕೋರಿಕೆ. ಹೆಸರಲ್ಲಿ ಗೇಮ್ ಅಂತ ಇದ್ದ ಮಾತ್ರಕ್ಕೆ ಬೇಡ ಅನ್ನಬೇಡಿ. ಹುಡುಗರು ಬರೆದ ಕೋಡನ್ನು ಒಮ್ಮೆ ತೆರೆದು ನೋಡಿ, ಪ್ರಶ್ನೆ ಕೇಳಿ, ಆಮೇಲೆ ಹೇಳಿ. ನನ್ನ ಅಂಗಡಿಯಲ್ಲಿ ಹಳೆಯ ಯಂತ್ರ ಒಂದು ಇನ್ನೂ ಜೀವಂತ ಉಂಟು. ಪಕ್ಕದಲ್ಲೇ ಮಗಳ ಲ್ಯಾಪ್‌ಟಾಪ್ ಇಟ್ಟು ಎರಡನ್ನೂ ಒಟ್ಟಿಗೆ ಓಡಿಸಿ ತೋರಿಸುತ್ತೇನೆ. ಭಾನುವಾರ ಬಿಟ್ಟು ಯಾವತ್ತು ಬೇಕಾದರೂ ಬನ್ನಿ.

ಇಂತಿ,
ಟಿ.ವಿ. ರಿಪೇರಿಯವನು, ಕಲ್ಸಂಕ, ಉಡುಪಿ