ಕೈಫಿಯತ್ತು ಬರೆಸಿದವನ ಊರಿಗೊಂದು ಕೈಫಿಯತ್ತು: ದೇಣಿಗೆ ಮನವಿ

ಕನ್ನಡ ಬಂಧುಗಳೇ, ನಮಸ್ಕಾರ. ಸ್ಕಾಟ್ಲೆಂಡಿನ ಒಂದು ಊರಿನ ಕಟ್ಟಡಗಳ ಕಥೆಯನ್ನು ಕನ್ನಡದಲ್ಲಿ ಪುಸ್ತಕ ಮಾಡಲು, ಅಲ್ಲಿನ ಹಳೆಯ ಚರ್ಚೊಂದರ ಪಾಲನೆಗೆ ನೆರವಾಗಲು ನಿಮ್ಮ ದೇಣಿಗೆ ಕೇಳಿ ಈ ಪತ್ರ.

ಕಾರ್ಕಳದ ಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿಬಂದವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಅದೇ ಗೊಮ್ಮಟ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಒಂದು ತೈಲಚಿತ್ರದಲ್ಲೂ ದೂರದ ಗುಡ್ಡದ ಮೇಲೆ ಸಣ್ಣಗೆ ನಿಂತಿದ್ದಾನೆ. 1816ರಲ್ಲಿ ಥಾಮಸ್ ಹಿಕಿ ಬರೆದ ಚಿತ್ರ ಅದು. ನಡುವೆ ಕೆಂಪು ಕೋಟಿನ ದೊರೆ, ಸುತ್ತ ನಮ್ಮ ಕಡೆಯ ಮೂವರು. ಒಬ್ಬರ ಕೈಯಲ್ಲಿ ಓಲೆಗರಿ, ಇನ್ನೊಬ್ಬರ ಕೈಯಲ್ಲಿ ದುರ್ಬೀನು.

ದೊರೆಯ ಹೆಸರು ಕಾಲಿನ್ ಮೆಕೆಂಜಿ, ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಎಂಜಿನಿಯರು. 1799ರ ನಂತರ ಹತ್ತು ವರ್ಷ ಮೈಸೂರು ಸೀಮೆಯನ್ನು ಅಳೆಸಿದವನು, ಊರೂರಿನ ಶಾನುಭೋಗರಿಂದ, ಮಠ ಬಸದಿಗಳಿಂದ ಕೈಫಿಯತ್ತು, ಅಂದರೆ ಊರಿನ ಚರಿತ್ರೆಯ ವಿವರ, ಬರೆಸಿಕೊಂಡವನು. ನಮ್ಮ ಎಷ್ಟೋ ಹಳ್ಳಿಗಳ ಗುಡಿ, ಕೆರೆ, ಕೋಟೆಗಳ ಕಥೆ ಇವತ್ತು ಓದಲು ಸಿಗುವುದು ಆ ಕಾಗದಗಳಲ್ಲಿ. ನಿಜವಾಗಿ ಊರೂರು ಸುತ್ತಿ ಬೆವರು ಸುರಿಸಿದವರು ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸೋದರರು, ಜೈನ ಪಂಡಿತ ಧರ್ಮಯ್ಯ ಮೊದಲಾದವರು. ಅದನ್ನೂ ಇಲ್ಲೇ ಹೇಳಿಬಿಡುತ್ತೇವೆ.

ಆತ ಹುಟ್ಟಿದ್ದು ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನೊವೇ ಪಟ್ಟಣದಲ್ಲಿ. ಅಲ್ಲಾಪೂಲ್ ಬಂದರಿನಿಂದ ಹಡಗಿನಲ್ಲಿ ಎರಡೂಮುಕ್ಕಾಲು ಗಂಟೆ, ಅದೂ ಗಾಳಿ ಬಿಟ್ಟರೆ. 1607ರಲ್ಲಿ ಅದಕ್ಕೆ ಬರೋ ಎಂಬ ಸ್ಥಾನ ಸಿಕ್ಕಿತು. ಕಾಲಾಂತರದಲ್ಲಿ ಬರೋ ಅಂದರೆ ನಮ್ಮ ಪುರಸಭೆ ಇದ್ದ ಹಾಗೆ ಅಂದುಕೊಳ್ಳಿ. 1975ರಲ್ಲಿ ಆಡಳಿತ ಬದಲಾಗಿ ಆ ಸ್ಥಾನ ಹೋಯಿತು. ಕಟ್ಟಡಗಳು ಮಾತ್ರ ಒಂದೊಂದು ಒಂದೊಂದು ಗತಿ ಕಂಡವು.

ಹಳೆಯ ಕೋಟೆಯಿಂದ ಶುರು ಮಾಡೋಣ. ಮ್ಯಾಕ್ಲಿಯಡ್ ಪಾಳೆಯಗಾರರ ಆ ಕೋಟೆಯನ್ನು 1653ರಲ್ಲಿ ಇಂಗ್ಲೆಂಡಿನ ದಂಡನಾಯಕ ಕ್ರಾಮ್‌ವೆಲ್‌ನ ಸೈನಿಕರು ಕೆಡವಿದರು. ಉಳಿದ ಚೂರುಪಾರು 1880ರ ದಶಕದಲ್ಲಿ ಬಂದರುಕಟ್ಟೆಯ ಅಡಿಗೆ ಸೇರಿತು. ನಾವು ಹೋದಾಗ ಮಕ್ಕಳು “ಕೋಟೆ ಎಲ್ಲಿ?” ಎಂದು ಕೇಳಿದರು. ಮೀನಿನ ಬಲೆ ರಾಶಿ ಹಾಕಿದ್ದ ಕಾಂಕ್ರೀಟು ತೋರಿಸಬೇಕಾಯಿತು.

ಬಂದರಿನ ಎದುರು ದಡದಲ್ಲಿ ಕಾಣುವ ಲೂಸ್ ಕ್ಯಾಸಲ್ ಬೇರೆ. ಅದು ಹತ್ತೊಂಬತ್ತನೇ ಶತಮಾನದ ನಡುಭಾಗದ ಅರಮನೆ. ಕಟ್ಟಿಸಿದವನು 1844ರಲ್ಲಿ ಇಡೀ ದ್ವೀಪ ಕೊಂಡ ಜೇಮ್ಸ್ ಮ್ಯಾಥೆಸನ್. ನಮ್ಮ ದೇಶದ ಅಫೀಮನ್ನು ಚೀನಾಕ್ಕೆ ಸಾಗಿಸಿ ಗಳಿಸಿದ ದುಡ್ಡು. ಅರಮನೆಯ ಕಾಲದಲ್ಲೇ, 1851ರಿಂದ 1855ರೊಳಗೆ, ದ್ವೀಪದ ಎರಡು ಸಾವಿರಕ್ಕೂ ಹೆಚ್ಚು ಬಡವರನ್ನು ಹಡಗು ಹತ್ತಿಸಿ ಕೆನಡಾಕ್ಕೆ ಕಳಿಸಿದರು. ಕಟ್ಟಡ ಚೆಂದವಿದೆ, ಆದರೆ ಆ ಲೆಕ್ಕ ಗೊತ್ತಾದ ಮೇಲೆ ನಮಗೆ ಅದನ್ನು ಬರೀ ಚೆಂದ ಎನ್ನಲು ಬಾಯಿ ಬರಲಿಲ್ಲ. 1918ರಲ್ಲಿ ದ್ವೀಪ ಲಾರ್ಡ್ ಲೆವರ್‌ಹ್ಯೂಮ್ ಕೈಸೇರಿತು. ನಮ್ಮ ಬಚ್ಚಲುಮನೆಗಳಿಗೆ ಸನ್‌ಲೈಟ್, ಲೈಫ್‌ಬಾಯ್ ಸೋಪು ತಂದ ಅದೇ ಲೆವರ್! 1923ರಲ್ಲಿ ಆತ ಅರಮನೆ ಸಮೇತ ಊರಿನ ಜಮೀನನ್ನು ಊರಿನವರ ಟ್ರಸ್ಟಿಗೇ ಬಿಟ್ಟುಕೊಟ್ಟ. ಯುದ್ಧಕಾಲದಲ್ಲಿ ಆಸ್ಪತ್ರೆ, ಆಮೇಲೆ ಕಾಲೇಜು, ಆಮೇಲೆ ವರ್ಷಗಟ್ಟಲೆ ಬೀಗ. 2016ರಲ್ಲಿ ಮತ್ತೆ ತೆರೆದ ಜಾಗದಲ್ಲಿ ಈಗ ಮ್ಯೂಸಿಯಂ ಇದೆ. ವಾಲ್ರಸ್ ಎಂಬ ಕಡಲಪ್ರಾಣಿಯ ದಂತದಲ್ಲಿ ಕೆತ್ತಿದ ಲೂಯಿಸ್ ಚದುರಂಗದ ಆರು ಕಾಯಿ ಅಲ್ಲಿವೆ. ಕೆನ್ನೆಗೆ ಕೈಯಿಟ್ಟು ಕೂತ ರಾಣಿಯ ಮುಖ ನೋಡಿಯೇ ಬನ್ನಿ.

ಟೌನ್ ಹಾಲ್ 1905ರದು. 1918ರಲ್ಲಿ ಬೆಂಕಿಗೆ ಬಲಿಯಾಯಿತು, ಊರಿನವರು ಬಿಡಲಿಲ್ಲ, 1929ರಲ್ಲಿ ಮತ್ತೆ ಎದ್ದು ನಿಂತಿತು.

ನಮ್ಮ ಮನವಿಗೆ ಮೂಲವಾದದ್ದು ಊರಾಚೆ, ಐಗ್ನಿಷ್‌ನಲ್ಲಿರುವ ಹಳೆಯ ಸಂತ ಕೊಲಂಬನ ಚರ್ಚು. ಎರಡೂ ಕಡೆ ಕಡಲು, ನಡುವೆ ಒಂದು ಸಪೂರ ಮರಳು ಪಟ್ಟಿ, ಅದರ ಅಂಚಿನಲ್ಲಿ ಚಾವಣಿಯಿಲ್ಲದ ಗೋಡೆಗಳು. ಒಳಗೆ ಹೋದರೆ ಎರಡು ಕೆತ್ತನೆಯ ಕಲ್ಲುಗಳು. ಒಂದರಲ್ಲಿ ಆಯುಧ ಹಿಡಿದ ನಾಯಕ, ನೋಡಿದ ಕೂಡಲೇ ನಮ್ಮ ವೀರಗಲ್ಲು ನೆನಪಾಗುತ್ತದೆ. ಇನ್ನೊಂದು 1503ರಲ್ಲಿ ತೀರಿಕೊಂಡ ಮಾರ್ಗರೆಟ್ ಎಂಬ ಹೆಣ್ಣುಮಗಳದು, ಬಳ್ಳಿ ಬಳ್ಳಿ ಹೆಣೆದುಕೊಂಡ ಕೆತ್ತನೆ. ಬೆರಳಾಡಿಸಿದರೆ ಬಳ್ಳಿ ಅರ್ಧಕ್ಕೇ ಕೈತಪ್ಪುತ್ತದೆ, ಅಷ್ಟು ಸವೆದಿದೆ. ಮೆಕೆಂಜಿ ಮನೆತನದ ಸಮಾಧಿಯೂ ಇದೇ ಸ್ಮಶಾನದಲ್ಲಿದೆ. ಆತ ಮಾತ್ರ ಊರಿಗೆ ಮರಳಲೇ ಇಲ್ಲ, 1821ರಲ್ಲಿ ಕಲ್ಕತ್ತೆಯಲ್ಲಿ ಮಣ್ಣಾದ. ಸ್ಥಳೀಯರು ಗೋಡೆಗಳನ್ನು ಭದ್ರಪಡಿಸಿದ್ದಾರೆ, ಕಡಲಿಗೆ ತಡೆಯನ್ನೂ ಕಟ್ಟಿದ್ದಾರೆ. ಆದರೆ ಉಪ್ಪುಗಾಳಿಗೆ ರಜೆಯಿಲ್ಲವಲ್ಲ, ನಿರ್ವಹಣೆಯ ಖರ್ಚು ವರ್ಷವೂ ಇದ್ದದ್ದೇ.

ನಮ್ಮದು ಸ್ಕಾಟ್ಲೆಂಡಿನಲ್ಲಿ ನೆಲೆಸಿದ ಕೆಲವು ಕನ್ನಡ ಕುಟುಂಬಗಳ ಚಿಕ್ಕ ಬಳಗ. ಈ ಊರಿನ ಕಟ್ಟಡಗಳ ಕಥೆಯನ್ನು ಕನ್ನಡದಲ್ಲಿ, ಕೈಫಿಯತ್ತಿನ ಧಾಟಿಯಲ್ಲೇ, ಚಿತ್ರಗಳ ಸಮೇತ ಪುಸ್ತಕ ಮಾಡುತ್ತಿದ್ದೇವೆ. ಶ್ರೀರಂಗಪಟ್ಟಣ, ಕಾರ್ಕಳ, ಚಾಮರಾಜನಗರ ತಾಲ್ಲೂಕುಗಳ ಸರ್ಕಾರಿ ಶಾಲೆಗಳಿಗೆ ಉಚಿತವಾಗಿ ಕೊಡುತ್ತೇವೆ. ಬಂದ ಪ್ರತಿ ನೂರು ರೂಪಾಯಿಯಲ್ಲಿ ಅರವತ್ತು ಅಚ್ಚಿಗೆ ಮತ್ತು ಸಾಗಣೆಗೆ, ನಲವತ್ತು ಐಗ್ನಿಷ್ ಚರ್ಚಿನ ಪಾಲನೆಗೆ. ಓಡಾಟದ ಖರ್ಚು ನಮ್ಮದೇ ಜೇಬಿನದು.

“ಟಿಪ್ಪುವಿನ ಕೋಟೆಗೆ ಮುತ್ತಿಗೆ ಹಾಕಿದವರ ಎಂಜಿನಿಯರು ಅವನು, ಅವನ ಊರಿಗೆ ನಾವ್ಯಾಕೆ ಕೊಡಬೇಕು?” ಎಂದು ನಮ್ಮ ಹಿರಿಯರೊಬ್ಬರು ಸಭೆಯಲ್ಲೇ ಕೇಳಿದರು. ತಪ್ಪು ಪ್ರಶ್ನೆಯಲ್ಲ. ಪುಸ್ತಕದಲ್ಲಿ ಶ್ರೀರಂಗಪಟ್ಟಣವೂ ಇರುತ್ತದೆ, ಅಫೀಮೂ ಇರುತ್ತದೆ, ಒಂದು ಸಾಲೂ ಮುಚ್ಚಿಡುವುದಿಲ್ಲ ಎಂದು ಒಪ್ಪಿದ ಮೇಲೆ ಮೊದಲ ದೇಣಿಗೆ ಕೊಟ್ಟವರೂ ಅವರೇ.

ನೂರು ರೂಪಾಯಿಯಾದರೂ ಸರಿ, ರಸೀದಿ ಕೊಡುತ್ತೇವೆ. ದಾನಿಗಳ ಹೆಸರು ಪುಸ್ತಕದ ಕೊನೆಯಲ್ಲಿ ಬರುತ್ತದೆ, ಬೇಡವೆಂದವರದು ಬಿಡುತ್ತೇವೆ. ಅಚ್ಚು ಮುಗಿದ ತಿಂಗಳೊಳಗೆ ಪೂರ್ತಿ ಲೆಕ್ಕಪತ್ರ ಎಲ್ಲರ ಕೈಸೇರುತ್ತದೆ. ಮನಸ್ಸಿದ್ದವರು ಬಳಗದ ಖಜಾಂಚಿಯವರಿಗೆ ತಿಳಿಸಿದರೆ ಖಾತೆಯ ವಿವರ ಕಳಿಸಿಕೊಡುತ್ತಾರೆ.

ದುಡ್ಡು ಕೊಡಲಾಗದು, ಕೆಲಸ ಕೊಡಿ ಎನ್ನುವವರಿಗೂ ಕೆಲಸವಿದೆ. ಕರಡು ತಿದ್ದುವವರು ಬೇಕು. ಅಲ್ಲಿನ ಗೇಲಿಕ್ ಭಾಷೆಯ ಊರುಗಳ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ನಮ್ಮಲ್ಲಿ ಇನ್ನೂ ಜಗಳ ಮುಗಿದಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಬಳಗದ ಕಾರ್ಯದರ್ಶಿ