ದಕ್ಷತೆಯ ಅಂಕಿಯೊಂದೇ ಸಾಲದು

ಮಾನ್ಯರೇ,

ಸಾವಯವ ಅರೆವಾಹಕಗಳ (ಬೆಳಕು ಹೊಮ್ಮಿಸುವ ಸಾಧನ, ಸೌರಕೋಶಗಳಲ್ಲಿ ಬಳಸುವ ಇಂಗಾಲ ಆಧಾರಿತ ವಸ್ತುಗಳ) ಸಂಶೋಧನೆ ಸುದ್ದಿಯಾದಾಗಲೆಲ್ಲ ತಲೆಬರಹದಲ್ಲಿ ದಕ್ಷತೆಯ, ಅಂದರೆ ವಿದ್ಯುತ್ತು ಬೆಳಕಾಗುವ ಅಥವಾ ಬೆಳಕು ವಿದ್ಯುತ್ತಾಗುವ ಪ್ರಮಾಣದ, ಶೇಕಡಾವಾರು ಮಾತ್ರ ಇರುತ್ತದೆ. 1990ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ರಿಚರ್ಡ್ ಫ್ರೆಂಡ್ ಅವರ ತಂಡ ಪಿಪಿವಿ ಎಂಬ ಪಾಲಿಮರ್‌ನಿಂದ ಹಳದಿ-ಹಸಿರು ಬೆಳಕು ಹೊಮ್ಮಿಸಿದಾಗ ದಕ್ಷತೆ ಶೇ 0.05 ಅಷ್ಟೇ. ಇಂದಾಗಿದ್ದರೆ ಅದು ಒಳಪುಟಕ್ಕೂ ಬರುತ್ತಿರಲಿಲ್ಲವೇನೋ! ಪಿಪಿವಿ ದ್ರಾವಕಗಳಲ್ಲಿ ಕರಗದು. ಹಾಗಾಗಿ ಕರಗುವ ಪೂರ್ವರೂಪವನ್ನು ಗಾಜಿನ ಮೇಲೆ ಹಾಕಿ, ವೇಗವಾಗಿ ತಿರುಗಿಸಿ ತೆಳುವಾಗಿ ಹರಡಿ, ನಿರ್ವಾತದಲ್ಲಿ 250 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅಲ್ಲೇ ಪಿಪಿವಿ ಆಗಿಸಿದ್ದರಲ್ಲಿ ನಿಜವಾದ ಜಾಣ್ಮೆಯಿತ್ತು.

ಇಂಥ ಪದರದ ದಪ್ಪ ಸುಮಾರು 100 ನ್ಯಾನೊಮೀಟರ್. ಒಂದು ಮೈಕ್ರಾನ್ (1,000 ನ್ಯಾನೊಮೀಟರ್) ಗಾತ್ರದ ದೂಳಿನ ಕಣ ಅದರ ಹತ್ತು ಪಟ್ಟು ದೊಡ್ಡದು; ಅದು ಕೂತಲ್ಲಿ ಪದರ ಹರಿದು, ಮೇಲಿನ ಲೋಹ ಕೆಳಗಿನ ವಿದ್ಯುದ್ವಾರಕ್ಕೆ ತಾಗಿ ಶಾರ್ಟ್ ಆಗುತ್ತದೆ. ಋಣ ವಿದ್ಯುದ್ವಾರವಾದ ಕ್ಯಾಲ್ಸಿಯಂ ಕ್ಯಾಥೋಡ್‌ಗೆ ತೇವ ತಗುಲಿದರೆ ಕಪ್ಪು ಚುಕ್ಕೆಗಳು ಹಬ್ಬುತ್ತವೆ. ಅದಕ್ಕೇ ಆಮ್ಲಜನಕ, ನೀರಾವಿ ಎರಡೂ 1 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ) ಕಡಿಮೆ ಇರುವ, ಕೈಗವಸಿನ ಮೂಲಕ ಒಳಗೆ ಕೆಲಸ ಮಾಡುವ ಮುಚ್ಚಿದ ನೈಟ್ರೋಜನ್ ಪೆಟ್ಟಿಗೆ, ಅಂದರೆ ಗ್ಲವ್‌ಬಾಕ್ಸ್ ಬೇಕು.

ಇಂಥದೇ ವಸ್ತುಗಳಿಂದ ಮಾಡಿದ ಸೌರಕೋಶದ ತಕರಾರು ಬೇರೆ. 2 ಮಿ.ಮೀ. ಚೌಕವೆಂದು ಲೆಕ್ಕ ಹಿಡಿದ ಕೋಶಕ್ಕೆ ಸುತ್ತಲಿನ 0.1 ಮಿ.ಮೀ. ಅಂಚಿನಿಂದಲೂ ವಿದ್ಯುತ್ ಸೇರಿದರೆ ವಾಸ್ತವ ವಿಸ್ತೀರ್ಣ 4ರ ಬದಲು 4.84 ಚದರ ಮಿ.ಮೀ. ಶೇ 10ರ ಕೋಶ ಕಾಗದದ ಮೇಲೆ ಶೇ 12ರದ್ದಾಗುತ್ತದೆ! ಖಚಿತ ಅಳತೆಯ ರಂಧ್ರವಿರುವ ಲೋಹದ ಮಾಸ್ಕ್ ಇಟ್ಟು ಅಳೆದರೆ ಈ ಉಬ್ಬರ ಇಳಿಯುತ್ತದೆ.

ವಿಸ್ತೀರ್ಣ ಎಷ್ಟು, ಮಾಸ್ಕ್ ಇತ್ತೇ, ಎಷ್ಟು ಕೋಶಗಳ ಸರಾಸರಿ, ಬೆಳಕಿನಡಿ ಎಷ್ಟು ಗಂಟೆ ಬಾಳಿತು ಎಂಬುದನ್ನೂ ವರದಿಗಾರರು ಕೇಳಿ ಬರೆಯಲಿ.

– ಭೌತವಿಜ್ಞಾನ ಅಧ್ಯಾಪಕರು, ಮೈಸೂರು